255 ಲೀಟರ್ ಪಂಪ್ ಇದ್ದರೂ ಪೆಟ್ರೋಲ್ ಯಾಕೆ ಸಾಲುತ್ತಿಲ್ಲ?

ಪ್ರಶ್ನೆ (ಮೈಸೂರಿನ ಓದುಗರಿಂದ): ನನ್ನದು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್. ದೊಡ್ಡ ಟರ್ಬೊ, ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿಯದರ ಬದಲು ಹಾಕುವ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ನಿಮಿಷಕ್ಕೆ 550 ಸಿಸಿ ಪೆಟ್ರೋಲ್ ಬಿಡುವ ಇಂಜೆಕ್ಟರ್, ಟ್ಯಾಂಕ್ ಒಳಗೆ ಗಂಟೆಗೆ 255 ಲೀಟರ್‌ನ ಪಂಪ್ ಹಾಕಿಸಿದ್ದೇನೆ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) 1.4 ಬಾರ್. ಕಳೆದ ವರ್ಷ ಈಗಿನ ಇ20 (20% ಎಥನಾಲ್ ಬೆರೆತ) ಪೆಟ್ರೋಲಿನಲ್ಲೇ ಟ್ಯೂನ್ ಮಾಡಿಸಿದಾಗ ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರ) ಚಕ್ರದಲ್ಲಿ 220 ಎಚ್‌ಪಿ ಬಂದಿತ್ತು, ಇಂಜೆಕ್ಟರ್ ಡ್ಯೂಟಿ (ಅದಕ್ಕೆ ಕರೆಂಟ್ ಸಿಗುವ ಹೊತ್ತಿನ ಪಾಲು) 82% ಇತ್ತು. ಈಗ 5500 ಆರ್‌ಪಿಎಂ ದಾಟಿದರೆ ವೈಡ್‌ಬ್ಯಾಂಡ್ ಮೀಟರ್ (ಪೆಟ್ರೋಲಿನ ಎಷ್ಟು ಪಟ್ಟು ಗಾಳಿ ಇದೆ ಅಂತ ತೋರಿಸೋದು) 11.8ರಿಂದ ಮೇಲೇರುತ್ತಾ 6200ಕ್ಕೆ 13 ಮುಟ್ಟುತ್ತದೆ. ಡ್ಯೂಟಿ 94% ಆಗಿದೆ. ಇಸಿಯು ತಾನಾಗಿಯೇ 15% ಪೆಟ್ರೋಲ್ ಸೇರಿಸಿ ತನ್ನ ಮಿತಿಗೆ ಬಂದು ನಿಂತಿದೆ. ಒಬ್ಬರು 1000 ಸಿಸಿ ಇಂಜೆಕ್ಟರ್ ಹಾಕಿ ಅಂತಾರೆ, ಇನ್ನೊಬ್ಬರು 450 ಲೀಟರ್ ಪಂಪ್ ಹಾಕಿ ಅಂತಾರೆ. ಯಾವುದು ಸರಿ? ತಮ್ಮನ ಪೋಲೋ ಟಿಎಸ್‌ಐಗೂ ಇದೇ ಲೆಕ್ಕ ಹಾಕಬಹುದಾ?

ಉತ್ತರ: ಮೊದಲು ಒಂದು ಮಾತು. ಇದು ಸರಿಹೋಗುವವರೆಗೂ ಆ ಕಾರನ್ನು ಫುಲ್ ಬೂಸ್ಟ್‌ನಲ್ಲಿ ಓಡಿಸಬೇಡಿ. ಬೂಸ್ಟ್ ಇರುವಾಗ ಪೆಟ್ರೋಲ್ ಕಮ್ಮಿಯಾದರೆ ಸಿಲಿಂಡರ್ ಒಳಗಿನ ಬಿಸಿ ಏರುತ್ತದೆ, ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯೋದು) ಶುರುವಾಗುತ್ತದೆ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಒಡೆಯೋಕೆ ಕೆಲವೇ ಸೆಕೆಂಡ್ ಸಾಕು. ಬೂಸ್ಟ್ ಕಂಟ್ರೋಲರ್ ಆಫ್ ಮಾಡಿ, ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ತೆರೆಯುವ ವಾಲ್ವ್) ಸ್ಪ್ರಿಂಗ್ ಕೊಡುವಷ್ಟು ಬೂಸ್ಟ್‌ನಲ್ಲಿ ನಿಧಾನಕ್ಕೆ ಓಡಾಡಿಕೊಂಡಿರಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸದ್ಯಕ್ಕೆ ಎರಡೂ ಬೇಡ. ನಿಮ್ಮ ಇಂಜೆಕ್ಟರ್ ಸಾಕಷ್ಟು ದೊಡ್ಡದಿದೆ. ಡಬ್ಬದ ಮೇಲಿನ ಲೆಕ್ಕದಲ್ಲಿ ಪಂಪ್ ಕೂಡ ಸಾಕು. ಆದರೆ ಆ ಪಂಪ್ ನಿಮ್ಮ ಕಾರಿನಲ್ಲಿ, ನಿಮ್ಮ ಒತ್ತಡದಲ್ಲಿ, ಅದಕ್ಕೆ ಸಿಗುವ ವೋಲ್ಟೇಜ್‌ನಲ್ಲಿ ಎಷ್ಟು ಪೆಟ್ರೋಲ್ ಕೊಡುತ್ತಿದೆ ಅನ್ನೋದನ್ನು ಯಾರೂ ಅಳೆದಿಲ್ಲ. ನೀವು ಕೊಟ್ಟ ನಾಲ್ಕು ಅಂಕಿಗಳಿಂದಲೇ ಅದರ ಅಂದಾಜು ಸಿಗುತ್ತದೆ. ಅದನ್ನು ಹಂತ ಹಂತವಾಗಿ ತೋರಿಸುತ್ತೇನೆ. ಯಾವ ಟರ್ಬೊ ಕಾರಿಗಾದರೂ ಇದೇ ದಾರಿ.

ಲೆಕ್ಕ ಶುರು ಮಾಡಬೇಕಾದ್ದು ಇಂಜಿನ್‌ನಿಂದ. ಇಂಜೆಕ್ಟರ್‌ನಿಂದ ಅಲ್ಲ, ಪಂಪ್‌ನಿಂದಲೂ ಅಲ್ಲ. ಇಂಜಿನ್ ಗಂಟೆಗೆ ಎಷ್ಟು ಪೆಟ್ರೋಲ್ ಕುಡಿಯುತ್ತದೆ ಅಂತ ಗೊತ್ತಾದರೆ ಉಳಿದ ಎರಡೂ ಅದರ ಹಿಂದೆ ಬರುತ್ತವೆ. ನಿಮ್ಮ 220 ಎಚ್‌ಪಿ ಚಕ್ರದಲ್ಲಿ ಅಳೆದದ್ದು. ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್, ಟೈರ್‌ಗಳಲ್ಲಿ ಒಂದಷ್ಟು ಶಕ್ತಿ ಹೋಗಿರುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿಗೆ 15% ಅಂತ ಹಿಡಿದರೆ ಇಂಜಿನ್ ಬಾಯಲ್ಲಿ ಸುಮಾರು 260 ಎಚ್‌ಪಿ. ಪೆಟ್ರೋಲ್ ಲೆಕ್ಕಕ್ಕೆ ಈ 260 ಬೇಕು. ಚಕ್ರದ ಎಚ್‌ಪಿ ಇಟ್ಟುಕೊಂಡು ಲೆಕ್ಕ ಹಾಕಿ ಚಿಕ್ಕ ಇಂಜೆಕ್ಟರ್ ಕೊಂಡವರು ತುಂಬ ಜನ ಇದ್ದಾರೆ.

ಬೂಸ್ಟ್‌ನಲ್ಲಿ ಸ್ವಲ್ಪ ರಿಚ್ ಆಗಿ (ಪೆಟ್ರೋಲ್ ಜಾಸ್ತಿಯಾಗಿ) ಓಡುವ ಟರ್ಬೊ ಪೆಟ್ರೋಲ್ ಇಂಜಿನ್‌ಗೆ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಬೇಕು. 260 ಎಚ್‌ಪಿ ಅಂದರೆ ಗಂಟೆಗೆ 70 ಕೆಜಿ. ಒಂದು ಲೀಟರ್ ಪೆಟ್ರೋಲ್ ಸುಮಾರು 745 ಗ್ರಾಂ ತೂಗುತ್ತದೆ. ಹಾಗಾಗಿ ಗಂಟೆಗೆ 94 ಲೀಟರ್.

ಇದು ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಯಿತು. ಈಗ ಬಂಕ್‌ನಲ್ಲಿ ಸಿಗುವುದೇ ಅದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಇ20ಗೆ ಅದು 13.5ರ ಹತ್ತಿರ ಬರುತ್ತದೆ. ಅಂದರೆ ಒಳಗೆ ಬರುವ ಗಾಳಿ ಅಷ್ಟೇ ಇದ್ದರೂ ಪೆಟ್ರೋಲ್ ಜಾಸ್ತಿ ಹಾಕಬೇಕು. ಲೀಟರ್ ಲೆಕ್ಕದಲ್ಲಿ ಇದು ಸುಮಾರು 7.5% ಹೆಚ್ಚು. 94 ಲೀಟರ್ ಹೋಗಿ 101 ಲೀಟರ್ ಆಯಿತು. ಇಂಟರ್ನೆಟ್‌ನಲ್ಲಿ ಸಿಗುವ ಹಳೆಯ ಕ್ಯಾಲ್ಕುಲೇಟರ್‌ಗಳಲ್ಲಿ ಈ ತಿದ್ದುಪಡಿ ಇರೋದಿಲ್ಲ. ನಮ್ಮ ದೇಶದಲ್ಲಿ ಈಗ ಇದನ್ನು ಬಿಟ್ಟು ಲೆಕ್ಕ ಹಾಕಲೇಬಾರದು.

101 ಲೀಟರ್ ನಾಲ್ಕು ಇಂಜೆಕ್ಟರ್‌ಗೆ ಹಂಚಿದರೆ ಒಂದಕ್ಕೆ ನಿಮಿಷಕ್ಕೆ 421 ಸಿಸಿ. ನಿಮ್ಮದು 550 ಸಿಸಿ. ಹಾಗಾದರೆ ಅದು 77% ಹೊತ್ತು ಪೆಟ್ರೋಲ್ ಬಿಟ್ಟರೆ ಸಾಕು. ಆದರೆ ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟ ಕೂಡಲೇ ಅದು ತೆರೆಯೋದಿಲ್ಲ. 14 ವೋಲ್ಟ್‌ನಲ್ಲಿ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್ ಸುಮ್ನೆ ಹೋಗುತ್ತದೆ. 6200 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ ಸಿಗುವ ಸಮಯವೇ 19.4 ಮಿಲಿಸೆಕೆಂಡ್. ಅದರಲ್ಲಿ ಒಂದು ಅಂದರೆ 5%. 77ಕ್ಕೆ 5 ಸೇರಿಸಿ, 82%. ನಿಮ್ಮ ಡೈನೋ ಲಾಗ್‌ನಲ್ಲಿ ಇದ್ದದ್ದೂ 82%, ಅಲ್ವಾ? ಲೆಕ್ಕ ಮತ್ತು ಲಾಗ್ ಇಷ್ಟು ಹತ್ತಿರ ಬಂದಿವೆ ಅಂದರೆ ಕಳೆದ ವರ್ಷ ಎಲ್ಲವೂ ಸರಿಯಾಗಿತ್ತು ಅಂತ ಅರ್ಥ. ನಿಮ್ಮ ಟ್ಯೂನರ್ ಒಳ್ಳೆಯ ಕೆಲಸ ಮಾಡಿದ್ದಾರೆ. ಇಂಜೆಕ್ಟರ್ ಆಯ್ಕೆಯೂ ಸರಿ. 85% ಒಳಗೆ ಇದ್ದರೆ ನಾನು ನೆಮ್ಮದಿಯಾಗಿರುತ್ತೇನೆ.

ಹಾಗಾದರೆ ಈಗ 94% ಯಾಕೆ? ಇಂಜೆಕ್ಟರ್ ಎಷ್ಟು ಪೆಟ್ರೋಲ್ ಬಿಡುತ್ತದೆ ಅನ್ನೋದು ಅದರ ಎರಡೂ ಬದಿಯ ಒತ್ತಡದ ವ್ಯತ್ಯಾಸದ ಮೇಲೆ ನಿಂತಿದೆ. ಒಂದು ಬದಿಯಲ್ಲಿ ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್), ಇನ್ನೊಂದು ಬದಿಯಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ). 550 ಸಿಸಿ ಅಂತ ಬರೆದಿರೋದು ಈ ವ್ಯತ್ಯಾಸ 3 ಬಾರ್ ಇದ್ದಾಗ. ಮ್ಯಾನಿಫೋಲ್ಡ್‌ನಲ್ಲಿ 1.4 ಬಾರ್ ಬೂಸ್ಟ್ ಇದ್ದರೆ ರೇಲ್‌ನಲ್ಲಿ 4.4 ಬಾರ್ ಇರಬೇಕು. ಆಗ ಮಾತ್ರ ವ್ಯತ್ಯಾಸ 3 ಆಗಿ ಉಳಿಯುತ್ತದೆ. ಈ ಕೆಲಸ ಮಾಡೋದು ರೇಲ್ ತುದಿಯ ರೆಗ್ಯುಲೇಟರ್. ಮ್ಯಾನಿಫೋಲ್ಡ್‌ನಿಂದ ಅದಕ್ಕೆ ಬರುವ ಸಣ್ಣ ಹೋಸ್ ಮೂಲಕ ಬೂಸ್ಟ್ ಎಷ್ಟಿದೆ ಅಂತ ಅದಕ್ಕೆ ತಿಳಿಯುತ್ತದೆ. ಅಷ್ಟೇ ಒತ್ತಡವನ್ನು ರೇಲ್‌ನಲ್ಲೂ ಏರಿಸುತ್ತದೆ. ಆದರೆ ರೆಗ್ಯುಲೇಟರ್ ಒತ್ತಡ ಹುಟ್ಟಿಸೋದಿಲ್ಲ. ವಾಪಸ್ ಹೋಗುವ ಪೆಟ್ರೋಲನ್ನು ತಡೆಯುವುದಷ್ಟೇ ಅದರ ಕೆಲಸ. ಪಂಪ್ ಕೊಡದಿದ್ದರೆ ಅದು ಪೂರ್ತಿ ಮುಚ್ಚಿ ಕೂತರೂ ಒತ್ತಡ ಏರೋದಿಲ್ಲ.

ನಿಮ್ಮ ಅಂಕಿಗಳನ್ನು ಈಗ ಕೂಡಿಸಿ ನೋಡೋಣ. ವೈಡ್‌ಬ್ಯಾಂಡ್ 11.8 ಇರಬೇಕಾದ ಕಡೆ 13 ತೋರಿಸುತ್ತಿದೆ. ಅಂದರೆ ಬೇಕಾದ್ದರಲ್ಲಿ 91% ಪೆಟ್ರೋಲ್ ಮಾತ್ರ ಸಿಗುತ್ತಿದೆ. (ಮೀಟರ್ 14.7ರ ಪೆಟ್ರೋಲ್ ಸ್ಕೇಲ್‌ನಲ್ಲೇ ಇರಲಿ. ಅದು ಒಳಗೆ ಅಳೆಯೋದು ಲ್ಯಾಂಬ್ಡಾ, ಅಂದರೆ ಪೂರ್ತಿ ಉರಿಯೋಕೆ ಬೇಕಾದ ಗಾಳಿಯ ಎಷ್ಟು ಪಟ್ಟು ಇದೆ ಅನ್ನೋದು, ಹಾಗಾಗಿ ಇ20 ಆದರೂ ಈ ಅನುಪಾತ ಬದಲಾಗೋದಿಲ್ಲ.) ಅದೂ ಇಸಿಯು 15% ಜಾಸ್ತಿ ಹೊತ್ತು ಇಂಜೆಕ್ಟರ್ ತೆರೆದ ಮೇಲೆ. 0.91 ಅನ್ನು 1.15ರಿಂದ ಭಾಗಿಸಿ. 0.79 ಬರುತ್ತದೆ. ಪ್ರತಿ ಇಂಜೆಕ್ಟರ್ ತನ್ನ ಶಕ್ತಿಯ 79% ಮಾತ್ರ ಬಿಡುತ್ತಿದೆ. ಅಂದರೆ ನಿಮ್ಮ 550 ಸಿಸಿ ಇಂಜೆಕ್ಟರ್ ಮೇಲಿನ ಆರ್‌ಪಿಎಂನಲ್ಲಿ 434 ಸಿಸಿ ಇಂಜೆಕ್ಟರ್ ಆಗಿದೆ.

ಹರಿವು ಒತ್ತಡದ ವರ್ಗಮೂಲದ ಪ್ರಕಾರ ಬದಲಾಗುತ್ತದೆ. ಹಾಗಾಗಿ 0.79ರ ವರ್ಗ ತೆಗೆದುಕೊಳ್ಳಿ, 0.62. ಮೂರು ಬಾರ್‌ನ 62% ಅಂದರೆ ಸುಮಾರು 1.9 ಬಾರ್. ಅದಕ್ಕೆ ಬೂಸ್ಟ್ 1.4 ಸೇರಿಸಿ. ನಿಮ್ಮ ರೇಲ್‌ನಲ್ಲಿ 4.4 ಇರಬೇಕಾದ ಕಡೆ 3.3 ಬಾರ್ ಇದೆ ಅಂತ ನನ್ನ ಅಂದಾಜು. ಗೇಜ್ ಹಾಕಿ ನೋಡಿದರೆ ಇದರ ಆಸುಪಾಸಿನಲ್ಲೇ ಸಿಗಬೇಕು.

ಇಲ್ಲಿ ಒಂದು ಅನುಮಾನ ಬರಬಹುದು. 3.3 ಅಂದರೆ ಬೂಸ್ಟ್ ಇಲ್ಲದಾಗಿನ 3 ಬಾರ್‌ಗೆ ಹತ್ತಿರ ತಾನೇ? ರೆಗ್ಯುಲೇಟರ್‌ಗೆ ಹೋಗುವ ಸಣ್ಣ ಹೋಸ್ ಕಳಚಿರಬಹುದಲ್ವಾ? ಒಳ್ಳೆಯ ಅನುಮಾನ, ಮೊದಲು ನೋಡಬೇಕಾದ್ದೂ ಅದನ್ನೇ. ಆ ಹೋಸ್ ಬಿಸಿಗೆ ಗಟ್ಟಿಯಾಗಿ ಸೀಳುತ್ತದೆ. ಕೆಲವೊಮ್ಮೆ ಅದರೊಳಗೆ ಪೆಟ್ರೋಲ್ ವಾಸನೆ ಬರುತ್ತದೆ, ಹಾಗಿದ್ದರೆ ರೆಗ್ಯುಲೇಟರ್ ಡಯಾಫ್ರಮ್ ಹೋಗಿದೆ ಅಂತ ಅರ್ಥ. ಆದರೆ ಹೋಸ್ ಕಳಚಿದ್ದರೆ ಬೂಸ್ಟ್ ಬಂದ ಕೂಡಲೇ, 3000–3500 ಆರ್‌ಪಿಎಂನಲ್ಲೇ ಲೀನ್ ಆಗಬೇಕಿತ್ತು (ಪೆಟ್ರೋಲ್ ಕಮ್ಮಿ ಬೀಳಬೇಕಿತ್ತು). ನಿಮಗೆ 5500ರವರೆಗೆ ಸರಿಯಾಗಿದೆ, ಆಮೇಲೆ ಆರ್‌ಪಿಎಂ ಏರಿದಂತೆ ಕೆಡುತ್ತಾ ಹೋಗುತ್ತಿದೆ. ಇದು ಹರಿವು ಸಾಲದಿರುವ ಲಕ್ಷಣ. ಬೂಸ್ಟ್ ಜೊತೆ ಶುರುವಾದರೆ ರೆಗ್ಯುಲೇಟರ್ ಕಡೆ ನೋಡಿ, ಆರ್‌ಪಿಎಂ ಜೊತೆ ಶುರುವಾದರೆ ಪಂಪ್ ಕಡೆ ನೋಡಿ. ರೇಲ್ ಒತ್ತಡ 4.4ರಲ್ಲಿ ಕದಲದೆ ನಿಂತು ಡ್ಯೂಟಿ ಮಾತ್ರ 95% ದಾಟಿದ್ದರೆ, ಆಗ ಹೇಳಬಹುದು ಇಂಜೆಕ್ಟರ್ ಚಿಕ್ಕದು ಅಂತ.

ಇನ್ನೂ ಒಂದು ಲೆಕ್ಕ. 434 ಸಿಸಿಯ ಇಂಜೆಕ್ಟರ್ ನಿಜವಾಗಿ ತೆರೆದಿರುವುದು 94ರಲ್ಲಿ 5 ಕಳೆದು 89% ಹೊತ್ತು. ನಾಲ್ಕೂ ಸೇರಿ ಗಂಟೆಗೆ ಸುಮಾರು 93 ಲೀಟರ್. ನಿಮ್ಮ 255 ಲೀಟರ್ ಪಂಪ್ ಇಂದು 3.3 ಬಾರ್‌ನಲ್ಲಿ ರೇಲ್‌ಗೆ ಮುಟ್ಟಿಸುತ್ತಿರುವುದು ಇಷ್ಟೇ.

ಹಾಗಾದರೆ 255 ಅಂತ ಯಾಕೆ ಬರೆದಿದ್ದಾರೆ? ಊರಲ್ಲಿ ಬೋರ್‌ವೆಲ್ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟರ್ ಮೇಲೆ ಗಂಟೆಗೆ ಇಷ್ಟು ಲೀಟರ್ ಅಂತ ಇರುತ್ತದೆ, ಆದರೆ ನೀರು ಎಷ್ಟು ಅಡಿ ಕೆಳಗಿದೆ, ಕರೆಂಟ್ ಎಷ್ಟು ವೋಲ್ಟ್ ಬರುತ್ತಿದೆ ಅನ್ನೋದರ ಮೇಲೆ ಪೈಪಿನಲ್ಲಿ ಬೀಳುವ ನೀರು ನಿರ್ಧಾರವಾಗುತ್ತದೆ. ಪೆಟ್ರೋಲ್ ಪಂಪ್ ಕೂಡ ಹಾಗೇ. ಆ 255 ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡ, 13.5 ವೋಲ್ಟ್‌ನ ಲೆಕ್ಕ. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ವೋಲ್ಟೇಜ್ 10% ಇಳಿದರೆ ಹರಿವು ಅದಕ್ಕಿಂತ ಜಾಸ್ತಿ ಇಳಿಯುತ್ತದೆ, ಒತ್ತಡ ಹೆಚ್ಚಿದ್ದಾಗ ಇನ್ನೂ ಕೆಟ್ಟದಾಗಿ ಇಳಿಯುತ್ತದೆ.

ಆದ್ದರಿಂದ ಪಂಪ್ ಆರಿಸುವಾಗ ಲೀಟರ್ ಒಂದನ್ನೇ ಕೇಳಬೇಡಿ. ಯಾವ ಒತ್ತಡದಲ್ಲಿ, ಯಾವ ವೋಲ್ಟೇಜ್‌ನಲ್ಲಿ ಅಂತ ಕೇಳಿ. ನಿಮ್ಮ ಕಾರಿಗೆ ಆ ಒತ್ತಡ 3 + 1.4, ಜೊತೆಗೆ ಫಿಲ್ಟರ್ ಮತ್ತು ಪೈಪಿನಲ್ಲಿ ಕಳೆದುಹೋಗುವ ಸುಮಾರು 0.3, ಒಟ್ಟು 4.7 ಬಾರ್. ಹರಿವು 101 ಲೀಟರ್, ಅದರ ಮೇಲೆ ನಾನು ಕಾಲು ಭಾಗ ಮೀಸಲು ಇಡುತ್ತೇನೆ, ಹಾಗಾಗಿ 125 ಲೀಟರ್ ಅನ್ನಿ. ನೀವು ಹುಡುಕಬೇಕಾದ ಪಂಪ್ ಇಷ್ಟೇ: 4.7 ಬಾರ್‌ನಲ್ಲಿ, 13 ವೋಲ್ಟ್ ಆಸುಪಾಸಿನಲ್ಲಿ 125 ಲೀಟರ್. ಒಳ್ಳೆಯ ಸ್ಥಿತಿಯಲ್ಲಿರುವ ಅಸಲಿ 255 ಪಂಪ್ ಇದನ್ನು ಆರಾಮವಾಗಿ ದಾಟುತ್ತದೆ.

ಆ ಕಾಲು ಭಾಗ ಮೀಸಲು ಸುಮ್ಮನೆ ಇಟ್ಟದ್ದಲ್ಲ. ಪಂಪ್ ಸವೆಯುತ್ತದೆ, ಫಿಲ್ಟರ್ ಕಟ್ಟುತ್ತದೆ, ಚಳಿಗಾಲದ ಬೆಳಗ್ಗೆ ಗಾಳಿ ದಟ್ಟವಾಗಿರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಏಳುನೂರು ಮೀಟರ್‌ಗೂ ಮೇಲಿದೆ. ನಿಮ್ಮ ಬೂಸ್ಟ್ ಮ್ಯಾನುಯಲ್ ಕಂಟ್ರೋಲರ್‌ನಿಂದ ನಿಯಂತ್ರಣವಾಗುತ್ತಿದ್ದರೆ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದಾಗ ಗೇಜ್‌ನಲ್ಲಿ ಅದೇ 1.4 ತೋರಿಸಿದರೂ ಒಳಗೆ ಹೋಗುವ ಗಾಳಿ 4% ಹತ್ತಿರ ಜಾಸ್ತಿ. ಪೆಟ್ರೋಲೂ ಅಷ್ಟು ಜಾಸ್ತಿ ಬೇಕು. ಮೇಲಿನ ಊರಲ್ಲಿ ಅಂಚಿಗೆ ತಂದು ನಿಲ್ಲಿಸಿದ ಟ್ಯೂನ್ ಕರಾವಳಿಯಲ್ಲಿ ಕೈಕೊಡೋದು ಹೀಗೆ.

ಈಗ ನಿಮ್ಮ ಪಂಪ್ ನಿಜವಾಗಿ ಎಷ್ಟು ಕೊಡುತ್ತಿದೆ ಅಂತ ಅಳೆಯೋಣ. ಡೈನೋ ಬೇಡ, ರಸ್ತೆಯೂ ಬೇಡ. ನಿಮ್ಮ 1.8 ಟರ್ಬೊಗೆ ರೇಲ್‌ನಿಂದ ಟ್ಯಾಂಕ್‌ಗೆ ವಾಪಸ್ ಪೈಪ್ ಇದೆ, ಅದು ನಮಗೆ ದೊಡ್ಡ ಅನುಕೂಲ. ರೇಲ್‌ಗೆ ಒತ್ತಡದ ಗೇಜ್ ಹಾಕಿ. ವಾಪಸ್ ಪೈಪನ್ನು ಬಿಚ್ಚಿ, ಒಂದು ಹೋಸ್ ಸಿಕ್ಕಿಸಿ, ಅಳತೆ ಗುರುತಿರುವ ಲೋಹದ ಕ್ಯಾನ್‌ಗೆ ಬಿಡಿ. ರೆಗ್ಯುಲೇಟರ್‌ನ ಸಣ್ಣ ಹೋಸ್ ತೆಗೆದು ಅಲ್ಲಿಗೆ ಗೇಜ್ ಇರುವ ಕೈಪಂಪ್ ಜೋಡಿಸಿ 1.4 ಬಾರ್ ಗಾಳಿ ಕೊಡಿ. ರೆಗ್ಯುಲೇಟರ್ ಅದನ್ನು ಬೂಸ್ಟ್ ಅಂತಲೇ ತಿಳಿಯುತ್ತದೆ. ಇಂಜಿನ್ ಆಫ್ ಇರಲಿ. ಬ್ಯಾಟರಿಗೆ ಚಾರ್ಜರ್ ಹಾಕಿ ವೋಲ್ಟೇಜ್ 13.5 ಹತ್ತಿರ ಇಟ್ಟು, ರಿಲೇ (ಪಂಪ್‌ಗೆ ಕರೆಂಟ್ ಕೊಡುವ ಸ್ವಿಚ್) ಜಂಪ್ ಮಾಡಿ ಪಂಪನ್ನು 30 ಸೆಕೆಂಡ್ ಓಡಿಸಿ. ರೇಲ್ ಗೇಜ್ 4.4ಕ್ಕೆ ಏರಬೇಕು. ಇಂಜೆಕ್ಟರ್‌ಗಳು ಮುಚ್ಚಿರುವುದರಿಂದ ಪಂಪ್ ಕೊಟ್ಟ ಅಷ್ಟೂ ಪೆಟ್ರೋಲ್ ಕ್ಯಾನ್‌ಗೆ ಬರುತ್ತದೆ. 30 ಸೆಕೆಂಡಿಗೆ 840 ಮಿಲಿ ಬಂದರೆ ನಿಮ್ಮ ಇಂಜಿನ್‌ಗೆ ಸರಿಯಾಗಿ ಸಾಕು, ಮೀಸಲು ಏನೂ ಇಲ್ಲ. ಒಂದು ಲೀಟರ್ ದಾಟಿದರೆ ಒಳ್ಳೆಯದು. ಗೇಜ್ 4.4 ಮುಟ್ಟದೇ ಇದ್ದರೆ ಅಥವಾ ಅರ್ಧ ಲೀಟರ್ ಬಂದರೆ ಉತ್ತರ ಅಲ್ಲೇ ಸಿಕ್ಕಿತು.

ಇದನ್ನು ಬಯಲಲ್ಲೇ ಮಾಡಿ, ಇಂಜಿನ್ ಪೂರ್ತಿ ತಣ್ಣಗಿರುವಾಗ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಜೊತೆಗೆ ಇನ್ನೊಬ್ಬರು ಇರಲಿ. ಚಾರ್ಜರ್ ಕ್ಲಿಪ್‌ಗಳನ್ನು ಪೆಟ್ರೋಲ್ ಬಿಚ್ಚುವ ಮೊದಲೇ ಹಾಕಿ, ಎಲ್ಲ ಮುಚ್ಚಿದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಕೈ ನುರಿತಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ನಿಂತು ಮಾಡಿಸಿ.

ಅಳತೆ ಕಮ್ಮಿ ಬಂದರೆ ಹುಡುಕಬೇಕಾದ ಜಾಗಗಳು ನನ್ನ ಅನುಭವದಲ್ಲಿ ಮೂರು. ಅದರಲ್ಲಿ ಹೆಚ್ಚು ಸಲ ಸಿಗೋದು ವೈರಿಂಗ್. ಕಂಪನಿ ಹಾಕಿದ ವೈರ್ ಕಂಪನಿಯ ಪಂಪ್‌ಗೆ ಅಂತ ಹಾಕಿದ್ದು. 255 ಪಂಪ್ ಬೂಸ್ಟ್ ಒತ್ತಡದಲ್ಲಿ ಅದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ವಯಸ್ಸಾದ ಕನೆಕ್ಟರ್, ಸುಟ್ಟು ಕಪ್ಪಾದ ರಿಲೇ ಕಾಲು, ಕಾರಿನ ಲೋಹದ ಮೈಗೆ ಜೋಡಿಸಿದ ಅರ್ಥ್‌ನ ತುಕ್ಕು, ಎಲ್ಲ ಸೇರಿ ಎರಡು ವೋಲ್ಟ್ ತಿಂದುಬಿಡುತ್ತವೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಇದು ಗೊತ್ತಾಗೋದಿಲ್ಲ, 13.8 ತೋರಿಸುತ್ತದೆ. ಪಂಪ್ ಓಡುತ್ತಿರುವಾಗ, ಒತ್ತಡ 4.4 ಇರುವಾಗ ನೋಡಬೇಕು. ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪಂಪ್ ಕನೆಕ್ಟರ್‌ನ ಪ್ಲಸ್‌ಗೆ. ಅಲ್ಲಿ ಕಾಣುವುದು ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ಧ ವೋಲ್ಟ್ ಮೀರಿದರೆ ನನಗೆ ಒಪ್ಪಿಗೆಯಿಲ್ಲ. ಮೈನಸ್ ಬದಿಯಲ್ಲೂ ಹೀಗೇ ನೋಡಿ, ಜನ ಅದನ್ನು ಮರೆಯುತ್ತಾರೆ. ಪರಿಹಾರ ಸುಲಭ. ಬ್ಯಾಟರಿಯಿಂದ ನೇರ 4 ಚದರ ಮಿ.ಮೀ. ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಹಿಂದೆ ಒಂದು ಒಳ್ಳೆಯ ರಿಲೇ, ಹೊಸ ಅರ್ಥ್. ಹಳೇ ಪಂಪ್ ವೈರ್ ಆ ರಿಲೇಯನ್ನು ಆನ್ ಮಾಡುವ ಕೆಲಸಕ್ಕೆ ಮಾತ್ರ. ದಯವಿಟ್ಟು ಪಂಪನ್ನು ನೇರವಾಗಿ ಇಗ್ನಿಷನ್‌ಗೆ ಕೊಡಿಸಬೇಡಿ. ಅಪಘಾತ ಆಗಿ ಇಂಜಿನ್ ನಿಂತಾಗ ಪಂಪ್ ಕೂಡ ನಿಲ್ಲಬೇಕು, ಇಲ್ಲದಿದ್ದರೆ ಮುರಿದ ಪೈಪಿನಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಎರಡನೆಯದು ಟ್ಯಾಂಕ್ ಒಳಗಿನ ಹೋಸ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಕಾರು ಕಳೆದ ವರ್ಷ ಚೆನ್ನಾಗಿದ್ದು ಈಗ ಕೆಟ್ಟಿದೆ, ಈ ಕಥೆಗೆ ಇದು ಚೆನ್ನಾಗಿ ಹೊಂದುತ್ತದೆ. ನನ್ನ ಹತ್ತಿರ ಇಂಥದ್ದೇ ದೂರಿನ ಒಂದು ಕಾರು ಬಂದಿತ್ತು. ವೋಲ್ಟೇಜ್ ಸರಿಯಿತ್ತು, ಪಂಪ್ ಅಸಲಿ. ಹಿಂದಿನ ಸೀಟ್ ಎತ್ತಿ, ಮುಚ್ಚಳ ಬಿಚ್ಚಿ ಪಂಪನ್ನು ಹೊರಗೆ ತೆಗೆದೆವು. ಪಂಪ್‌ನಿಂದ ಮೇಲಿನ ಮುಚ್ಚಳಕ್ಕೆ ಹೋಗುವ ಗೇಣುದ್ದದ ರಬ್ಬರ್ ಹೋಸ್ ಊದಿಕೊಂಡು ಮೆತ್ತಗಾಗಿತ್ತು. ಬೆರಳಲ್ಲಿ ಒತ್ತಿದರೆ ಕಪ್ಪು ಬಣ್ಣ ಕೈಗೆ ಅಂಟುತ್ತಿತ್ತು. ಕ್ಲಿಪ್ ಕಚ್ಚಿದ ಜಾಗದ ಪಕ್ಕದಲ್ಲಿ ಉಗುರಿನಷ್ಟು ಉದ್ದದ ಸೀಳು. ಸುಮ್ಮನೆ ನೋಡಿದರೆ ಕಾಣುತ್ತಿರಲಿಲ್ಲ, ಹೋಸ್ ಬಗ್ಗಿಸಿದಾಗ ಬಾಯಿ ಬಿಟ್ಟಿತು. ಪಂಪ್ ಹಾಕಿದ ಗ್ಯಾರೇಜಿನವರು ಇಂಜಿನ್ ಬದಿಯಲ್ಲಿ ಬಳಸುವ ಮಾಮೂಲಿ ಪೆಟ್ರೋಲ್ ಹೋಸ್ ಹಾಕಿದ್ದರು. ಆ ಹೋಸ್ ಒಳಗಡೆ ಮಾತ್ರ ಪೆಟ್ರೋಲ್ ತಡೆಯುತ್ತದೆ. ಹೊರಗಿನ ಪದರ ದಿನವಿಡೀ ಪೆಟ್ರೋಲಿನಲ್ಲಿ ಮುಳುಗಿರೋಕೆ ಮಾಡಿದ್ದಲ್ಲ. ಐಡಲ್‌ನಲ್ಲಿ, ಊರೊಳಗಿನ ಓಡಾಟದಲ್ಲಿ ಆ ಸೀಳು ಏನೂ ತೊಂದರೆ ಕೊಡೋದಿಲ್ಲ. ಒತ್ತಡ 4 ಬಾರ್ ದಾಟಿದಾಗ ತೆರೆದುಕೊಂಡು ಪೆಟ್ರೋಲನ್ನು ಟ್ಯಾಂಕ್ ಒಳಗೇ ವಾಪಸ್ ಚೆಲ್ಲುತ್ತದೆ. ಹೊರಗೆ ಒಂದು ಹನಿಯೂ ಸೋರೋದಿಲ್ಲ, ಹಾಗಾಗಿ ಯಾರಿಗೂ ಕಾಣೋದಿಲ್ಲ. ಅಂಗಡಿಯಲ್ಲಿ ಕೇಳುವಾಗ ಎಸ್‌ಎಇ 30ಆರ್10 ಅಂತ ಅಚ್ಚಾಗಿರುವ, ಟ್ಯಾಂಕ್ ಒಳಗೆ ಮುಳುಗಿಸುವ ಹೋಸ್ ಅಂತಲೇ ಕೇಳಿ. ಕ್ಲಿಪ್ ಕೂಡ ಅಂಚು ಕಚ್ಚದ, ಇಂಜೆಕ್ಷನ್ ಹೋಸ್‌ಗೆ ಬಳಸುವ ಬಗೆಯದೇ ಇರಲಿ.

ಮೂರನೆಯದು ಜಾಲರಿ ಮತ್ತು ಫಿಲ್ಟರ್. ಪಂಪ್ ಬುಡದ ಜಾಲರಿ ಕಟ್ಟಿದ್ದರೆ ಪಂಪ್ ಎಳೆಯೋಕೆ ಒದ್ದಾಡುತ್ತದೆ, ಜೋರಾಗಿ ಕೂಗುತ್ತದೆ. ಇ20 ಹಳೇ ಟ್ಯಾಂಕ್‌ನ ಕೊಳೆಯನ್ನು ಎಬ್ಬಿಸಿ ತರುತ್ತದೆ, ಹಾಗಾಗಿ ಫಿಲ್ಟರ್ ಹಳೆಯದಾಗಿದ್ದರೆ ಯೋಚಿಸದೆ ಬದಲಾಯಿಸಿ. ಇಷ್ಟೆಲ್ಲ ಸರಿ ಇದ್ದೂ ಕ್ಯಾನ್ ತುಂಬದಿದ್ದರೆ ಪಂಪೇ ಹೋಗಿದೆ. ಹೊಸದು ತರುವಾಗ ಎಚ್ಚರ. ವಾಲ್‌ಬ್ರೋ ಕಂಪನಿಯ 255 ಹೆಸರಲ್ಲಿ ನಕಲಿ ಪಂಪ್‌ಗಳು ತುಂಬ ಓಡಾಡುತ್ತವೆ. ಬೆಲೆ ಅರ್ಧಕ್ಕಿಂತ ಕಮ್ಮಿ ಇದ್ದರೆ ಮುಟ್ಟಬೇಡಿ.

ಈಗ ನಿಮಗೆ ಸಿಕ್ಕ ಎರಡು ಸಲಹೆಗಳ ವಿಷಯ. 1000 ಸಿಸಿ ಇಂಜೆಕ್ಟರ್ ಹಾಕಿದರೆ ಪಂಪ್ ಕೊಡುವ ಪೆಟ್ರೋಲ್ ಜಾಸ್ತಿ ಆಗೋದಿಲ್ಲ. ದಾರಿ ಅಗಲವಾಗುತ್ತದೆ, ರೇಲ್ ಒತ್ತಡ ಇನ್ನೂ ಕುಸಿಯುತ್ತದೆ. ಲಾಗ್‌ನಲ್ಲಿ ಡ್ಯೂಟಿ 50–60% ಅಂತ ಚೆಂದ ಕಾಣುತ್ತದೆ, ಆದರೆ ಇಂಜಿನ್ ಲೀನ್ ಆಗಿಯೇ ಇರುತ್ತದೆ. ಇದು ಮೊದಲಿಗಿಂತ ಅಪಾಯ, ಯಾಕಂದರೆ ಎಚ್ಚರಿಸುತ್ತಿದ್ದ ಅಂಕಿಯೇ ಹೋಯಿತು.

450 ಲೀಟರ್ ಪಂಪ್ ಬಹುಶಃ ಲೀನ್ ಆಗೋದನ್ನು ನಿಲ್ಲಿಸಬಹುದು. ಆದರೆ ಹೋಸ್ ಸೀಳಿದ್ದರೆ ಆ ಸೀಳಿನ ಮೂಲಕ ಇನ್ನೂ ಜಾಸ್ತಿ ತಳ್ಳುತ್ತದೆ, ಒಂದು ದಿನ ಹೋಸ್ ಪೂರ್ತಿ ಬಾಯಿ ಬಿಡುತ್ತದೆ, ಅದೂ ಫುಲ್ ಬೂಸ್ಟ್‌ನಲ್ಲೇ. ವೈರಿಂಗ್ ಕೆಟ್ಟಿದ್ದರೆ ಅದು ಎಳೆಯುವ ಕರೆಂಟ್ ಇನ್ನೂ ಹೆಚ್ಚು, ಕನೆಕ್ಟರ್ ಕರಗುತ್ತದೆ. ಐಡಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಐಡಲ್‌ನಲ್ಲಿ ಇಂಜಿನ್ ಕುಡಿಯೋದು ಗಂಟೆಗೆ ಒಂದು ಲೀಟರ್ ಆಸುಪಾಸು. ಉಳಿದ ಅಷ್ಟೂ ಕಂಪನಿಯ ಸಣ್ಣ ವಾಪಸ್ ಪೈಪ್‌ನಲ್ಲೇ ಹೋಗಬೇಕು. ಅದು ಸಾಲದಿದ್ದರೆ ರೆಗ್ಯುಲೇಟರ್ ಪೂರ್ತಿ ತೆರೆದಿದ್ದರೂ ರೇಲ್ ಒತ್ತಡ ಇಳಿಯೋದಿಲ್ಲ, ಕಾರು ಐಡಲ್‌ನಲ್ಲಿ ರಿಚ್ ಓಡುತ್ತದೆ. ಜೊತೆಗೆ ಅಷ್ಟೊಂದು ಪೆಟ್ರೋಲ್ ಬಿಸಿ ಇಂಜಿನ್ ಪಕ್ಕ ಸುತ್ತು ಹೊಡೆದು ಟ್ಯಾಂಕ್ ಸೇರಿ ಅಲ್ಲಿಯದನ್ನೂ ಕಾಯಿಸುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಟ್ಯಾಂಕ್ ಕಾಲು ಭಾಗ ಇದ್ದಾಗ ಪಂಪ್‌ಗೆ ಆವಿ ಸಿಕ್ಕಿಕೊಳ್ಳೋದು ಇದರಿಂದಲೇ. ನೀವು 400 ಎಚ್‌ಪಿ ಕಡೆಗೆ ಹೋಗುವವರಾದರೆ ದೊಡ್ಡ ಪಂಪ್, ದೊಡ್ಡ ವಾಪಸ್ ಪೈಪ್, ದೊಡ್ಡ ರೆಗ್ಯುಲೇಟರ್ ಎಲ್ಲ ಒಟ್ಟಿಗೆ ಹಾಕಿ. 260ಕ್ಕೆ ಬೇಕಿಲ್ಲ.

ಮೂರನೇ ಸಲಹೆಯೊಂದು ನಿಮ್ಮ ಕಿವಿಗೆ ಬಂದೇ ಬರುತ್ತದೆ: ರೆಗ್ಯುಲೇಟರನ್ನು 3ರಿಂದ 4 ಬಾರ್‌ಗೆ ಏರಿಸಿ, ಇಂಜೆಕ್ಟರ್ 15% ದೊಡ್ಡದಾಗುತ್ತದೆ ಅಂತ. ಇಂಜೆಕ್ಟರ್ ಮಟ್ಟಿಗೆ ಅದು ನಿಜ. ಆದರೆ ಆಗ ಪಂಪ್ 4.7 ಬದಲು 5.7 ಬಾರ್ ವಿರುದ್ಧ ತಳ್ಳಬೇಕು, ಅದರ ಹರಿವು ಇನ್ನೂ ಇಳಿಯುತ್ತದೆ. ಟ್ಯಾಂಕ್ ಒಳಗಿನ ಹಲವು ಪಂಪ್‌ಗಳಲ್ಲಿ ಒತ್ತಡ ಮಿತಿ ಮೀರಿದರೆ ತೆರೆಯುವ ವಾಲ್ವ್ ಕೂಡ ಇರುತ್ತದೆ. ಪಂಪ್ ಸೋಲುತ್ತಿರುವ ಕಾರಿಗೆ ಇದನ್ನು ಮಾಡೋದು ತಪ್ಪು.

ಎಲ್ಲ ಸರಿಮಾಡಿದ ಮೇಲೆ ಒಂದು ಕೆಲಸ ಖಂಡಿತ ಮಾಡಿಸಿ. ರೇಲ್‌ಗೆ ಪರ್ಮನೆಂಟ್ ಆಗಿ ಒತ್ತಡದ ಸೆನ್ಸರ್ ಹಾಕಿಸಿ ಇಸಿಯುಗೆ ಜೋಡಿಸಿ. ಸ್ಟ್ಯಾಂಡ್‌ಅಲೋನ್ ಇಸಿಯು ಇರುವವರಿಗೆ ಇದು ಚಿಕ್ಕ ಖರ್ಚು. ರೇಲ್ ಒತ್ತಡದಲ್ಲಿ ಬೂಸ್ಟ್ ಕಳೆದು 2.6 ಬಾರ್‌ಗಿಂತ ಕೆಳಗೆ ಹೋದರೆ ಇಂಜಿನ್ ಕಟ್ ಆಗುವಂತೆ ಇಡಿ. ಇಸಿಯುವಿನ 15% ತಿದ್ದುಪಡಿಯನ್ನೂ 8% ಹತ್ತಿರ ಇಳಿಸಿ. ತಿದ್ದುಪಡಿ ಜಾಸ್ತಿ ಬಿಟ್ಟಷ್ಟೂ ರೋಗ ಮುಚ್ಚಿಹೋಗುತ್ತದೆ. ನಿಮ್ಮ ಪಂಪ್ ಬದಿ ಎಷ್ಟು ತಿಂಗಳಿಂದ ಸೋಲುತ್ತಿತ್ತೋ, ಇಸಿಯು ಅದನ್ನು ತುಂಬಿಸಿಕೊಂಡು ಬಂದಿದೆ. ಹಳೇ ಲಾಗ್‌ಗಳಿದ್ದರೆ ತೆಗೆದು ನೋಡಿ, ತಿದ್ದುಪಡಿ 3, 6, 10 ಅಂತ ಏರುತ್ತಾ ಬಂದಿರೋದು ಕಾಣಬಹುದು.

ಇನ್ನು ನಿಮ್ಮ ತಮ್ಮನ ಪೋಲೋ ಟಿಎಸ್‌ಐ. ಇಂಜಿನ್ ಗಂಟೆಗೆ ಎಷ್ಟು ಕುಡಿಯುತ್ತದೆ ಅನ್ನೋ ಮೊದಲ ಲೆಕ್ಕ ಅದಕ್ಕೂ ಹೊಂದುತ್ತದೆ, ಇ20 ತಿದ್ದುಪಡಿಯೂ ಸೇರಿ. ಅಲ್ಲಿಂದ ಮುಂದೆ ಬೇರೆ ದಾರಿ. ಅದು ಡೈರೆಕ್ಟ್ ಇಂಜೆಕ್ಷನ್. ಟ್ಯಾಂಕ್‌ನ ಪಂಪ್ ಕೆಲವೇ ಬಾರ್‌ನಲ್ಲಿ ಪೆಟ್ರೋಲ್ ಕೊಡುತ್ತದೆ, ಕ್ಯಾಮ್‌ಶಾಫ್ಟ್ ತಿರುಗಿಸುವ ಇನ್ನೊಂದು ಪಂಪ್ ಅದನ್ನು ನೂರಾರು ಬಾರ್‌ಗೆ ಏರಿಸಿ ನೇರ ಸಿಲಿಂಡರ್ ಒಳಗೆ ಕಳಿಸುತ್ತದೆ. ನಿಮ್ಮ ಇಂಜೆಕ್ಟರ್‌ಗೆ ಎರಡು ಸುತ್ತಿನ ಪೂರ್ತಿ ಸಮಯ ಸಿಗುತ್ತದೆ. ಅದಕ್ಕೆ ಸಿಗೋದು ಇನ್‌ಟೇಕ್ ಮತ್ತು ಕಂಪ್ರೆಷನ್‌ನ ಸಣ್ಣ ಕಿಟಕಿ ಮಾತ್ರ, ಹಾಗಾಗಿ 85% ಡ್ಯೂಟಿ ಅನ್ನೋ ಮಾತೇ ಅಲ್ಲಿ ಇಲ್ಲ. ಅವರ ಟ್ಯೂನರ್ ನೋಡಬೇಕಾದ್ದು ಲಾಗ್‌ನಲ್ಲಿ ಹೈ ಪ್ರೆಷರ್ ರೇಲ್‌ನ ಗುರಿ ಮತ್ತು ನಿಜವಾದ ಒತ್ತಡ. ಮೇಲಿನ ಆರ್‌ಪಿಎಂನಲ್ಲಿ ಎರಡೂ ಬೇರೆಯಾದರೆ, ಲೋ ಪ್ರೆಷರ್ ಬದಿಯನ್ನೂ ಅಳೆಯಿರಿ. ಅದೂ ಕುಸಿದಿದ್ದರೆ ಟ್ಯಾಂಕ್ ಪಂಪ್, ಅದು ಗಟ್ಟಿಯಾಗಿ ನಿಂತಿದ್ದರೆ ಹೈ ಪ್ರೆಷರ್ ಪಂಪ್. ಸಾಮಾನ್ಯ ಸ್ಟೇಜ್ 1 ಮ್ಯಾಪ್‌ಗೆ (ಬಿಡಿಭಾಗ ಬದಲಾಯಿಸದೆ ಇಸಿಯು ಮಾತ್ರ ಟ್ಯೂನ್ ಮಾಡೋದು) ಎರಡನ್ನೂ ಬದಲಾಯಿಸುವ ಅಗತ್ಯ ಬರೋದು ಕಮ್ಮಿ. ಟರ್ಬೊ ದೊಡ್ಡದು ಮಾಡುವ ಯೋಚನೆ ಅವರಿಗಿದ್ದರೆ, ಟರ್ಬೊ ಕೊಳ್ಳುವ ಮೊದಲು ಆ ಲಾಗ್ ತೆಗೆಸಿ ನೋಡೋಕೆ ಹೇಳಿ.